ಊದುಬತ್ತಿ ಹಿಡಿದು ಹೊಸ ಮನೆ ಸುತ್ತಿ ಬನ್ನಿ!

ಗೃಹಪ್ರವೇಶದ ದಿನ ಗೊತ್ತಾಗಿದೆ. ಪುರೋಹಿತರಿಗೆ ಹೇಳಿಯಾಗಿದೆ, ಅಡುಗೆಯವರಿಗೆ ಮುಂಗಡ ಕೊಟ್ಟಾಗಿದೆ, ಯಾರಿಗೆ ಸೀರೆ, ಯಾರಿಗೆ ಬರೀ ಬ್ಲೌಸ್ ಪೀಸ್ ಅಂತ ಪಟ್ಟಿಯೂ ಸಿದ್ಧವಾಗಿದೆ. ಟೈಲ್ಸ್ ಹೊಳೆಯುತ್ತಿದೆಯೇ, ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆಯೇ, ಸ್ವಿಚ್ ಹಾಕಿದರೆ ಲೈಟು ಉರಿಯುತ್ತದೆಯೇ ಎಂದೆಲ್ಲ ನೋಡಿಯೂ ಆಯಿತು. ಆದರೆ ಆ ಹೊಸ ಮನೆಯ ಎಲ್ಲ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ಒಂದರ್ಧ ಗಂಟೆ ಒಳಗೆ ಸುಮ್ಮನೆ ಕುಳಿತು ನೋಡಿದ್ದೀರಾ? ಎಲ್ಲಿಂದ ಗಾಳಿ ನುಗ್ಗುತ್ತಿದೆ, ಎಲ್ಲಿಂದ ರಸ್ತೆಯ ಸದ್ದು ಬರುತ್ತಿದೆ, ಎಲ್ಲಿಂದ ಬಚ್ಚಲಿನ ವಾಸನೆ ಅಡ್ಡಾಡುತ್ತಿದೆ ಅಂತ ಗಮನಿಸಿದ್ದೀರಾ?

ನೀರು ಸೋರುವುದನ್ನು ಎಲ್ಲರೂ ನೋಡುತ್ತಾರೆ. ಗಾಳಿ ಸೋರುವುದನ್ನು ಯಾರೂ ನೋಡುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಗಾಳಿ ಬರುವ ಸಂದಿಯಲ್ಲೇ ಧೂಳು ಬರುತ್ತದೆ, ಸೊಳ್ಳೆ ಬರುತ್ತದೆ, ಇರುವೆ ಸಾಲು ಬರುತ್ತದೆ, ಜೋರು ಮಳೆ ಬಂದರೆ ಇರಚಲೂ ಬರುತ್ತದೆ. ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿದ್ದರೆ ಅದು ನಿಮ್ಮ ಮನೆ ಕೆಲಸದ ಲೋಪವಲ್ಲ, ಕಿಟಕಿಯ ಲೋಪ!

ಒಂದು ಸಣ್ಣ ಲೆಕ್ಕ ಹಾಕೋಣ. ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಕಿಟಕಿಯ ಸುತ್ತಳತೆ 16 ಅಡಿ. ಚೌಕಟ್ಟಿಗೂ ಗೋಡೆಗೂ ನಡುವೆ ಸುತ್ತಲೂ ಬರೀ 2 ಮಿಲಿಮೀಟರ್ ಸಂದಿ ಇದೆ ಅಂದುಕೊಳ್ಳಿ. ಎಲ್ಲ ಕೂಡಿಸಿದರೆ ಸುಮಾರು 97 ಚದರ ಸೆಂಟಿಮೀಟರ್. ಅಂದರೆ ಗೋಡೆಯಲ್ಲಿ ಅಂಗೈಯಗಲದ ತೂತು ಕೊರೆದು ಬಿಟ್ಟಂತೆ! ಮೂರಡಿ ಬಾಗಿಲಿನ ಕೆಳಗೆ ಒಂದು ಸೆಂಟಿಮೀಟರ್ ಜಾಗ ಬಿಟ್ಟರೂ ಹೆಚ್ಚುಕಡಿಮೆ ಇಷ್ಟೇ. ಅಂಥ ಕೋಣೆಗೆ ಎ.ಸಿ. ಹಾಕಿಸಿ ಕರೆಂಟ್ ಬಿಲ್ ನೋಡಿ ನಿಟ್ಟುಸಿರು ಬಿಟ್ಟರೆ ಏನು ಪ್ರಯೋಜನ?

ಚಳಿ ದೇಶಗಳಲ್ಲಿ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಹೊಸ ಮನೆಯ ಮುಂಬಾಗಿಲ ಚೌಕಟ್ಟಿಗೆ ಬಟ್ಟೆಯ ಪರದೆ ಬಿಗಿದು, ಅದರಲ್ಲಿ ದೊಡ್ಡ ಫ್ಯಾನೊಂದನ್ನು ಕೂರಿಸಿ ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತಾರೆ. ಬ್ಲೋವರ್ ಡೋರ್ ಪರೀಕ್ಷೆ ಎಂದು ಇದಕ್ಕೆ ಹೆಸರು. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಶುರುವಾದದ್ದು. ಒಳಗೂ ಹೊರಗೂ ಒತ್ತಡದ ವ್ಯತ್ಯಾಸ 50 ಪ್ಯಾಸ್ಕಲ್ ಆಗುವಂತೆ ಫ್ಯಾನ್ ಓಡಿಸುತ್ತಾರೆ. ಹೆದರಬೇಡಿ, 50 ಪ್ಯಾಸ್ಕಲ್ ಅಂದರೆ ತಟ್ಟೆಯಲ್ಲಿ 5 ಮಿಲಿಮೀಟರ್ ನೀರು ನಿಂತರೆ ಎಷ್ಟು ಒತ್ತುತ್ತದೋ ಅಷ್ಟೇ. ಆಗ ಎಲ್ಲ ಸಂದಿಗೊಂದಿಗಳಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಎಷ್ಟು ನುಗ್ಗಿತು ಅಂತ ಯಂತ್ರ ಅಳೆಯುತ್ತದೆ, ಎಲ್ಲಿಂದ ನುಗ್ಗಿತು ಅಂತ ಹೊಗೆ ಬಿಟ್ಟು ಹುಡುಕುತ್ತಾರೆ. ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನಲ್ಲಿ 1991ರಲ್ಲಿ ಮೊದಲು ಕಟ್ಟಿದ 'ಪ್ಯಾಸಿವ್ ಹೌಸ್' ಮಾದರಿಯ ಮನೆಗಳಿಗೆ ನಿಯಮ ಇನ್ನೂ ಬಿಗಿ. ಅಷ್ಟು ಒತ್ತಡದಲ್ಲೂ ಒಂದು ಗಂಟೆಯಲ್ಲಿ ಸೋರುವ ಗಾಳಿ, ಮನೆಯೊಳಗಿನ ಒಟ್ಟು ಗಾಳಿಯ 0.6 ಪಾಲನ್ನು ಮೀರಬಾರದು. ಇಂಗ್ಲೆಂಡಿನಲ್ಲಂತೂ ಹೊಸ ಮನೆಗೆ ಗಾಳಿ ಸೋರಿಕೆ ಪರೀಕ್ಷೆ ಕಟ್ಟಡ ನಿಯಮದಲ್ಲೇ ಇದೆ.

ಹಾಗಂತ ನಮಗೂ ಡಬ್ಬಿಯಂಥ ಮನೆ ಬೇಕೇ? ಖಂಡಿತ ಬೇಡ. ಅವರದು ಒಳಗೆ ಹೀಟರ್ ಉರಿಸಿ ಬದುಕುವ ಊರು. ಬಿಸಿ ಗಾಳಿ ಸೋರಿದರೆ ದುಡ್ಡು ಸೋರಿದಂತೆ. ಅಷ್ಟು ಬಿಗಿಯಾದ ಮನೆಯಲ್ಲಿ ಉಸಿರಾಡುವುದಕ್ಕೆ ತಾಜಾ ಗಾಳಿ ತರಲು ಪ್ರತ್ಯೇಕ ಯಂತ್ರವನ್ನೇ ಇಟ್ಟಿರುತ್ತಾರೆ. ನಮ್ಮದು ತೊಟ್ಟಿ ಮನೆಯ ಪರಂಪರೆ, ಮಧ್ಯದಲ್ಲಿ ಆಕಾಶವನ್ನೇ ಬಿಟ್ಟುಕೊಂಡು ಬದುಕಿದವರು ನಾವು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ತಂದ 'ಇಕೋ ನಿವಾಸ್ ಸಂಹಿತಾ' ಕೂಡ ತೆರೆಯಬಲ್ಲ ಕಿಟಕಿ ಬಾಗಿಲು ಎಷ್ಟಿರಬೇಕು ಎಂದೇ ಹೇಳುತ್ತದೆ. ಬೆಂಗಳೂರಿನಂಥ ಹಿತವಾದ ಹವೆಯ ಊರಿನಲ್ಲಿ ನೆಲದ ವಿಸ್ತೀರ್ಣದ ಎಂಟನೇ ಒಂದು ಭಾಗ, ಮಂಗಳೂರಿನಂಥ ಸೆಕೆಯ ಕರಾವಳಿಯಲ್ಲಿ ಆರನೇ ಒಂದು ಭಾಗ. ನನ್ನ ಅಭಿಪ್ರಾಯವೂ ಇದೇ. ನಾವು ತೆರೆದಾಗ ಗಾಳಿ ಚೆನ್ನಾಗಿ ಬರಬೇಕು, ಮುಚ್ಚಿದಾಗ ನಿಲ್ಲಬೇಕು. ಕಿಟಕಿ ಮುಚ್ಚಿದ ಮೇಲೂ ಪರದೆ ಅಲ್ಲಾಡುತ್ತಿದ್ದರೆ ಅದು ಗಾಳಿ ಬೆಳಕಿನ ಮನೆಯಲ್ಲ, ಕೆಲಸ ಸರಿಯಾಗಿ ಆಗದ ಮನೆ.

ಬ್ಲೋವರ್ ಡೋರ್ ತಂದು ಅಳೆಯುವವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನಿಮ್ಮ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಮತ್ತು ದೇವರ ಮನೆಯ ಊದುಬತ್ತಿ ಸಾಕು!

ಪರೀಕ್ಷೆ ಮಾಡುವ ಕ್ರಮ

ಕಿಟಕಿ ಬಾಗಿಲು ಕೂರಿಸಿ ಆದಮೇಲೆ, ಕೊನೆಯ ಕೋಟ್ ಬಣ್ಣ ಹೊಡೆಯುವ ಮುಂಚೆ ಇದನ್ನು ಮಾಡಿದರೆ ಉತ್ತಮ. ಬಣ್ಣ ಆದಮೇಲೆ ಸಂದಿ ಬಗೆದರೆ ಗೋಡೆಯೂ ಹಾಳು, ಮೇಸ್ತ್ರಿಯ ಮುಖವೂ ಹುಳ್ಳಗೆ. ಬಾಡಿಗೆಗೆ ಹೋಗುವವರು, ಅಪಾರ್ಟ್‌ಮೆಂಟ್ ಕೊಳ್ಳುವವರು ಕೀ ತೆಗೆದುಕೊಳ್ಳುವ ಮೊದಲು ಮಾಡಬಹುದು. ಗಾಳಿ ಜೋರಿಲ್ಲದ ದಿನವನ್ನೇ ಆರಿಸಿಕೊಳ್ಳಿ. ಹೊರಗೆ ಗಾಳಿ ಬೀಸುತ್ತಿದ್ದರೆ ಒಂದು ಕಡೆ ಹೊಗೆ ಒಳಗೆ ತಳ್ಳುತ್ತದೆ, ಇನ್ನೊಂದು ಕಡೆ ಹೊರಗೆ ಎಳೆಯುತ್ತದೆ, ನಿಮಗೆ ಗೊಂದಲ.

ಮೊದಲು ಗ್ಯಾಸ್ ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಗ್ಯಾಸ್ ಗೀಸರ್ ಇದ್ದರೆ ಅದೂ ಆಫ್ ಆಗಿರಲಿ. ಎಲ್ಲ ಮುಚ್ಚಿ ಎಕ್ಸಾಸ್ಟ್ ಹಾಕಿದಾಗ ಉರಿಯುವ ಗ್ಯಾಸಿನ ಹೊಗೆ ಮನೆಯೊಳಕ್ಕೇ ತಿರುಗಬಹುದು. ಬಾಗಿಲಿಗೆ ಹೊಸದಾಗಿ ಪಾಲಿಶ್ ಆಗಿದ್ದು ಥಿನ್ನರ್ ವಾಸನೆ ಇನ್ನೂ ಇದ್ದರೆ ಅಂದು ಬೆಂಕಿಯ ಕಡ್ಡಿ ಗೀರಲೇಬೇಡಿ. ನಾಲ್ಕು ದಿನ ಕಿಟಕಿ ತೆರೆದಿಟ್ಟು, ವಾಸನೆ ಪೂರ್ತಿ ಹೋದಮೇಲೆ ಮಾಡಿ.

ಆಮೇಲೆ ಹೊರಗಿನ ಎಲ್ಲ ಕಿಟಕಿ ಬಾಗಿಲು ಮುಚ್ಚಿ ಚಿಲಕ ಹಾಕಿ. ಒಳಗಿನ ಕೋಣೆಗಳ ಬಾಗಿಲು ತೆರೆದಿರಲಿ. ಸೀಲಿಂಗ್ ಫ್ಯಾನುಗಳು ಆಫ್. ಕಟ್ಟಿದ ವೆಂಟಿಲೇಟರ್‌ಗಳಿಗೆ, ಫ್ಯಾನು ಕೂರಿಸಿಲ್ಲದ ಬಚ್ಚಲ ತೂತುಗಳಿಗೆ ಹಳೆ ಪೇಪರ್ ಇಟ್ಟು ಟೇಪ್ ಅಂಟಿಸಿ. ಅವು ಬೇಕೆಂದೇ ಬಿಟ್ಟ ದಾರಿಗಳು, ನಾವು ಹುಡುಕುತ್ತಿರುವುದು ಬೇಡದ ದಾರಿಗಳನ್ನು. ಈಗ ಅಡುಗೆಮನೆ ಮತ್ತು ಬಚ್ಚಲ ಮನೆಯ ಎಕ್ಸಾಸ್ಟ್ ಫ್ಯಾನುಗಳನ್ನು ಒಟ್ಟಿಗೆ ಹಾಕಿ. ಐದು ನಿಮಿಷ ಬಿಡಿ.

ಒಬ್ಬರು ಊದುಬತ್ತಿ ಹಿಡಿಯಲಿ, ಇನ್ನೊಬ್ಬರು ಮಾಸ್ಕಿಂಗ್ ಟೇಪ್ ಮತ್ತು ಪೆನ್ನು. ಊದುಬತ್ತಿಯನ್ನು ಕಿಟಕಿಯ ಅಂಚಿನಿಂದ ಎರಡು ಬೆರಳು ದೂರದಲ್ಲಿಟ್ಟು, ರಂಗೋಲಿ ಎಳೆ ಎಳೆಯುವಷ್ಟು ನಿಧಾನವಾಗಿ ಅಂಚಿನುದ್ದಕ್ಕೂ ಸಾಗಿಸಿ. ಹೊಗೆ ನೆಟ್ಟಗೆ ಮೇಲೇರುತ್ತಿದ್ದರೆ ಆ ಜಾಗ ಸರಿಯಾಗಿದೆ. ಇದ್ದಕ್ಕಿದ್ದಂತೆ ಬಾಗಿ ನಿಮ್ಮ ಮುಖದ ಕಡೆಗೇ ಬಂತೇ? ಚದುರಿ ಹೋಯಿತೇ? ಅಲ್ಲಿ ಸಂದಿ ಇದೆ. ತಕ್ಷಣ ಒಂದು ತುಂಡು ಟೇಪ್ ಅಂಟಿಸಿ ಸಂಖ್ಯೆ ಬರೆಯಿರಿ. ಪರದೆ ಕಟ್ಟಿದ್ದರೆ ಮೊದಲೇ ಬಿಚ್ಚಿಡಿ. ಮಕ್ಕಳಿಗೆ ಊದುಬತ್ತಿ ಕೊಡಬೇಡಿ, ಟೇಪ್ ಅಂಟಿಸುವ ಕೆಲಸ ಕೊಡಿ, ಅವರಿಗೂ ಆಟ.

ನಮ್ಮ ಮನೆಯಲ್ಲಿ ಹೀಗೆ ಸುತ್ತಿದಾಗ 19 ತುಂಡು ಅಂಟಿದವು. ಅದರಲ್ಲಿ 11 ಕಿಟಕಿಗಳದ್ದೇ. ಕಂಟ್ರಾಕ್ಟರ್ ಬಂದು ನೋಡಿ, 'ಮೇಡಂ, ಗಾಳಿ ಬಂದ್ರೆ ಒಳ್ಳೇದಲ್ವಾ?' ಅಂದರು. 'ಒಳ್ಳೇದೇ, ಆದ್ರೆ ಅದು ಕಿಟಕಿ ತೆಗೆದಾಗ ಬರ್ಲಿ ಬಿಡಿ' ಅಂದೆ.

ಬೆಡ್‌ರೂಮಿಗೆ ಎ.ಸಿ. ಹಾಕಿಸುವ ಯೋಚನೆ ಇದ್ದರೆ ಆ ಕೋಣೆಯೊಂದನ್ನೇ ಪ್ರತ್ಯೇಕವಾಗಿ ನೋಡಿ. ಕೋಣೆಯ ಬಾಗಿಲು ಮುಚ್ಚಿ, ಅಟ್ಯಾಚ್ಡ್ ಬಾತ್‌ರೂಮಿನ ಬಾಗಿಲು ತೆರೆದು, ಅದರ ಎಕ್ಸಾಸ್ಟ್ ಮಾತ್ರ ಹಾಕಿ ಊದುಬತ್ತಿ ಸುತ್ತಿಸಿ. ಸಣ್ಣ ಜಾಗವಾದ್ದರಿಂದ ಹೊಗೆ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ.

ಹೊಗೆ ಆಗದವರು, ಆಸ್ತಮಾ ಇರುವವರು ಮನೆಯಲ್ಲಿದ್ದರೆ ಬೇರೆ ಉಪಾಯಗಳಿವೆ. ತೆಳು ಟಿಶ್ಯೂ ಪೇಪರಿನ ಒಂದೇ ಪದರವನ್ನು ಸಂದಿಯ ಮುಂದೆ ಹಿಡಿದರೆ ಅದು ನಡುಗುತ್ತದೆ. ಒದ್ದೆ ಮಾಡಿದ ಮುಂಗೈ ಹಿಡಿದರೆ ತಣ್ಣಗೆ ತಾಗುತ್ತದೆ. ರಾತ್ರಿ ಲೈಟೆಲ್ಲ ಆರಿಸಿ ನೀವು ಒಳಗೆ ನಿಂತು, ಮನೆಯವರನ್ನು ಹೊರಗೆ ಟಾರ್ಚ್ ಕೊಟ್ಟು ಕಳಿಸಿ. ಚೌಕಟ್ಟಿನ ಸುತ್ತ ಬೆಳಕು ಹಾಯಿಸಿದರೆ ತೂತುಗಳು ನಕ್ಷತ್ರದ ಹಾಗೆ ಹೊಳೆಯುತ್ತವೆ. ಕಿಟಕಿ ರೆಕ್ಕೆ ಸರಿಯಾಗಿ ಒತ್ತಿ ಕೂರುತ್ತದೆಯೇ ನೋಡಲು ಈ ಪುರವಣಿಯ ಒಂದು ಹಾಳೆಯೇ ಸಾಕು (ಓದಿ ಆದಮೇಲೆ!). ಹಾಳೆಯನ್ನು ಅಂಚಿನಲ್ಲಿಟ್ಟು ರೆಕ್ಕೆ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಪಟ್ಟಿ ಒತ್ತುತ್ತಿಲ್ಲ ಎಂದರ್ಥ.

ಕಳ್ಳ ಎಲ್ಲಿ ಅಡಗಿರುತ್ತಾನೆ?

ಮೊದಲನೆಯ ಜಾಗ, ಚೌಕಟ್ಟು ಗೋಡೆಗೆ ಸೇರುವ ಕಡೆ. ಮರದ ಚೌಕಟ್ಟಾದರೆ ಮರ ಸರಿಯಾಗಿ ಒಣಗದೆ ಕೂರಿಸಿದ್ದಾಗ ಮೊದಲ ಬೇಸಿಗೆಗೇ ಕುಗ್ಗಿ ಗಾರೆಯಿಂದ ಬಿಟ್ಟುಕೊಳ್ಳುತ್ತದೆ. ಮೇಸ್ತ್ರಿಗಳು ಅಲ್ಲಿಗೆ ವೈಟ್ ಸಿಮೆಂಟ್ ಮೆತ್ತಿ 'ಆಯ್ತು ನೋಡಿ' ಅನ್ನುತ್ತಾರೆ. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಸಿಮೆಂಟ್ ಎರಡೂ ಮಾಡುವುದಿಲ್ಲ. ಹಾಗಾಗಿ ಮತ್ತೆ ಬಿರುಕು. ಅಲ್ಲಿ ಹಿಗ್ಗಿ ಕುಗ್ಗುವ ಸೀಲಂಟ್ ತುಂಬಬೇಕು. ಸಂದಿ ಅಗಲವಾಗಿದ್ದರೆ ಮೊದಲು ಹಗ್ಗದಂಥ ಫೋಮ್ ತುರುಕಿ, ಅದರ ಮೇಲೆ ಸೀಲಂಟ್ ಎಳೆಯುತ್ತಾರೆ. ಒಂದು ವಿಷಯ ನೆನಪಿಡಿ. ವಿನೆಗರ್ ವಾಸನೆ ಹೊಡೆಯುವ ಸಿಲಿಕಾನ್ ಅಗ್ಗ, ಆದರೆ ಅದರ ಹುಳಿ ಅಮೃತಶಿಲೆಗೆ ಕಲೆ ಮಾಡುತ್ತದೆ, ಲೋಹಕ್ಕೆ ತುಕ್ಕು ತರುತ್ತದೆ. ಕಲ್ಲಿನ ಪಕ್ಕ ಹಾಕುವುದಾದರೆ 'ನ್ಯೂಟ್ರಲ್' ಅಂತ ಬರೆದದ್ದನ್ನೇ ಕೇಳಿ ತನ್ನಿ.

ಎರಡನೆಯದು ಈಗ ಎಲ್ಲರ ಮನೆಯಲ್ಲೂ ಇರುವ ಸ್ಲೈಡಿಂಗ್ ಕಿಟಕಿ. ನೋಡಲು ಅಂದ, ಜಾಗವೂ ಉಳಿತಾಯ. ಆದರೆ ಜಾರುವ ಕಿಟಕಿ ಜಾರಬೇಕಾದರೆ ಸ್ವಲ್ಪ ಸಡಿಲವಿರಲೇಬೇಕು. ಆ ಸಡಿಲವನ್ನು ಮುಚ್ಚಲು ಅಂಚಿನಲ್ಲಿ ಉಣ್ಣೆಯ ಕುಚ್ಚಿನಂಥ ಪಟ್ಟಿ ಇರುತ್ತದೆ. ಎರಡು ಗಾಜುಗಳು ಒಂದರ ಮೇಲೊಂದು ಬರುವ ಮಧ್ಯಭಾಗದಲ್ಲಿ, ಮೇಲಿನ ಮತ್ತು ಕೆಳಗಿನ ಮೂಲೆಯಲ್ಲಿ ಈ ಪಟ್ಟಿ ಅರ್ಧಕ್ಕೇ ನಿಂತಿರುವುದು ತೀರಾ ಸಾಮಾನ್ಯ. ಊದುಬತ್ತಿ ಅಲ್ಲಿ ಹಿಡಿದರೆ ತಾನಾಗಿ ಗೊತ್ತಾಗುತ್ತದೆ. ಕಿಟಕಿ ಮಾಡಿದವರನ್ನೇ ಕರೆಸಿ ಪಟ್ಟಿ ಪೂರ್ತಿ ಹಾಕಿಸಿ. ಹೊರಕ್ಕೆ ತೆರೆಯುವ ರೆಕ್ಕೆ ಕಿಟಕಿಗಳು ರಬ್ಬರ್ ಪಟ್ಟಿಯ ಮೇಲೆ ಒತ್ತಿ ಕೂರುವುದರಿಂದ ಈ ವಿಷಯದಲ್ಲಿ ವಾಸಿ. ಧೂಳು ಜಾಸ್ತಿ ಇರುವ ರಸ್ತೆ ಬದಿಯ ಕೋಣೆಗೆ, ಮಳೆ ಬಡಿಯುವ ಪಡುವಣ ಗೋಡೆಗೆ ನಾನಾದರೆ ರೆಕ್ಕೆ ಕಿಟಕಿಯನ್ನೇ ಇಡಿಸುವೆ.

ಮೂರನೆಯದು ಗೋಡೆ ಕೊರೆದ ತೂತುಗಳು. ಎ.ಸಿ. ಪೈಪು, ಚಿಮಣಿಯ ಕೊಳವೆ, ಸೋಲಾರ್ ಪೈಪು, ಇಂಟರ್‌ನೆಟ್ ಕೇಬಲ್ಲು... ಪೈಪು ಒಂದಿಂಚು, ತೂತು ಮೂರಿಂಚು! ಹೊರಗಡೆ ಯಾರೂ ನೋಡುವುದಿಲ್ಲ ಅಂತ ಹಾಗೇ ಬಿಟ್ಟಿರುತ್ತಾರೆ. ಹಲ್ಲಿ, ಜಿರಳೆಗೆ ಅದೇ ರಾಜಮಾರ್ಗ. ಎ.ಸಿ. ತೂತು ಹೊರಗಿನ ಕಡೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಮಳೆ ನೀರು ಪೈಪು ಹಿಡಿದುಕೊಂಡು ಒಳಗೆ ಬರುತ್ತದೆ.

ಸ್ವಿಚ್ ಬೋರ್ಡಿನಿಂದಲೂ ಗಾಳಿ ಬರುತ್ತದೆ ಅಂದರೆ ನಂಬುತ್ತೀರಾ? ತಾರಸಿಯಿಂದ ಇಳಿದು ಬರುವ ವೈರಿನ ಕೊಳವೆಯ ಬಾಯಿ ತೆರೆದೇ ಇದ್ದರೆ ಗಾಳಿ ನೇರ ನಿಮ್ಮ ಬೋರ್ಡಿಗೆ ಬರುತ್ತದೆ. ಗಾಳಿ ಬಂದರೆ ಬರಲಿ, ಮಳೆಗಾಲದಲ್ಲಿ ಅದೇ ಕೊಳವೆಯಲ್ಲಿ ನೀರೂ ಇಳಿಯುತ್ತದೆ ನೋಡಿ, ಅದು ಜೀವಕ್ಕೆ ಅಪಾಯ. ಬೋರ್ಡಿನ ಹತ್ತಿರ ಊದುಬತ್ತಿಯ ಹೊಗೆ ಅಲ್ಲಾಡಿದರೆ ಗುರುತು ಮಾತ್ರ ಮಾಡಿ. ನೀವೇ ಬಿಚ್ಚಬೇಡಿ, ಎಲೆಕ್ಟ್ರೀಷಿಯನ್‌ಗೆ ಹೇಳಿ ತಾರಸಿಯ ಕಡೆಯ ಬಾಯಿ ಮುಚ್ಚಿಸಿ.

ಬಚ್ಚಲಿನ ವಾಸನೆಯ ಗುಟ್ಟು

'ಹೊಸ ಮನೆ, ಯಾರೂ ಉಪಯೋಗಿಸಿಯೇ ಇಲ್ಲ, ಆದ್ರೂ ಬಾತ್‌ರೂಮ್ ನಾರ್‍ತದಲ್ರೀ' ಅಂತ ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಉಪಯೋಗಿಸಿಲ್ಲ, ಅದಕ್ಕೇ ನಾರುತ್ತದೆ! ಬಚ್ಚಲ ಜಾಲರಿಯ ಕೆಳಗೆ ಟ್ರ್ಯಾಪ್ ಅಂತ ಇರುತ್ತದೆ. ಅದರಲ್ಲಿ ಸುಮಾರು ಎರಡಿಂಚು ನೀರು ಸದಾ ನಿಂತಿದ್ದು, ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುತ್ತದೆ. ಮನೆ ತಿಂಗಳುಗಟ್ಟಲೆ ಬೀಗ ಹಾಕಿದ್ದರೆ ಆ ನೀರು ಒಣಗಿ ಹೋಗುತ್ತದೆ. ಅದರ ಮೇಲೆ ನೀವು ಕಿಟಕಿ ಮುಚ್ಚಿ ಎಕ್ಸಾಸ್ಟ್ ಹಾಕಿದರೆ ಫ್ಯಾನು ಪಾಪ ಏನು ಮಾಡೀತು? ಅದಕ್ಕೆ ಎಲ್ಲಿಂದಾದರೂ ಗಾಳಿ ಬೇಕು. ಚರಂಡಿಯಿಂದಲೇ ಎಳೆಯುತ್ತದೆ. ವಾಸನೆ ಓಡಿಸಲು ಹಾಕಿದ ಫ್ಯಾನೇ ವಾಸನೆಯನ್ನು ಕರೆದು ತರುತ್ತದೆ.

ಪರೀಕ್ಷೆ ಸುಲಭ. ಎಲ್ಲ ಜಾಲರಿಗೂ, ಬೇಸಿನ್‌ಗೂ ಒಂದೆರಡು ಚೊಂಬು ನೀರು ಹೊಯ್ಯಿರಿ. ಆಮೇಲೆ ಎಲ್ಲ ಮುಚ್ಚಿ ಎಕ್ಸಾಸ್ಟ್ ಹಾಕಿ ಜಾಲರಿಯ ಮೇಲೆ ಟಿಶ್ಯೂ ಪೇಪರ್ ಹಿಡಿಯಿರಿ. ಇಲ್ಲಿ ಮಾತ್ರ ಊದುಬತ್ತಿ ಬೇಡ, ಚರಂಡಿಯ ಅನಿಲಕ್ಕೆ ಬೆಂಕಿ ಹತ್ತುವ ಗುಣವಿದೆ. ಪೇಪರ್ ಸುಮ್ಮನಿದ್ದು ವಾಸನೆಯೂ ನಿಂತರೆ ಸರಿ. ನೀರು ಹೊಯ್ದ ಮೇಲೂ ಪೇಪರ್ ಮೇಲೇಳುತ್ತಿದ್ದರೆ ಟ್ರ್ಯಾಪನ್ನೇ ಹಾಕಿಲ್ಲ, ಅಥವಾ ಎಲ್ಲೋ ಜಾಯಿಂಟ್ ಬಿಟ್ಟಿದೆ. ಟೈಲ್ಸ್ ಹಾಕಿದ ಮೇಲೆ ಪ್ಲಂಬರ್ ತಲೆ ಕೆರೆದುಕೊಳ್ಳುತ್ತಾನೆ, ಆದರೂ ಬಿಡಬೇಡಿ. ಅಪಾರ್ಟ್‌ಮೆಂಟುಗಳಲ್ಲಿ ಪೈಪುಗಳು ಇಳಿಯುವ ಡಕ್ಟಿನ ಕಡೆಯ ಗೋಡೆಯನ್ನೂ ನೋಡಿ. ಅಲ್ಲಿ ಪೈಪಿನ ಸುತ್ತ ಸಂದಿ ಬಿಟ್ಟಿದ್ದರೆ ಕೆಳಗಿನ ಮನೆಯ ಒಗ್ಗರಣೆ ನಿಮ್ಮ ಮನೆಯಲ್ಲಿ ಘಮಘಮ.

ಮಳೆಗೆ ಕಾಯಬೇಡಿ

ಗಾಳಿ ನುಗ್ಗುವ ಕಿಟಕಿಯಲ್ಲಿ ನೀರೂ ನುಗ್ಗುತ್ತದೆಯೇ ಎಂದು ತಿಳಿಯಲು ಜೂನ್ ತನಕ ಕಾಯಬೇಕಿಲ್ಲ. ತೋಟದ ಪೈಪು ಹಿಡಿದು ಹೊರಗಿನಿಂದ ಕಿಟಕಿಗೆ ನೀರು ಬಿಡಿ. ಆದರೆ ಮೇಲಿನಿಂದ ಶುರು ಮಾಡಬೇಡಿ. ಮೊದಲು ಕಿಟಕಿಯ ಕೆಳಗಿನ ಕಲ್ಲಿಗೆ ಐದು ನಿಮಿಷ, ಆಮೇಲೆ ಎರಡೂ ಪಕ್ಕಕ್ಕೆ, ಕೊನೆಗೆ ಮೇಲಿನ ಅಂಚಿಗೆ. ಒಳಗೆ ಒಬ್ಬರು ಒಣಬಟ್ಟೆ ಹಿಡಿದು ಕಾದಿರಲಿ. ಮೇಲಿನಿಂದ ಹೊಯ್ದರೆ ನೀರು ಎಲ್ಲ ಕಡೆ ಹರಿದು, ಯಾವ ಸಂದಿಯಲ್ಲಿ ಒಳಬಂತು ಎಂಬುದೇ ತಿಳಿಯುವುದಿಲ್ಲ. ಕೆಳಗಿನಿಂದ ಮೇಲೆ ಹೋದರೆ, ಒಳಗೆ ಬಟ್ಟೆ ಒದ್ದೆಯಾದ ಕ್ಷಣವೇ ಜಾಗ ಸಿಕ್ಕಿತು. ಕೆಳಗಿನ ಕಲ್ಲು ಹೊರಕ್ಕೆ ಇಳಿಜಾರಾಗಿದೆಯೇ, ಸಜ್ಜಾದ ಅಡಿಯಲ್ಲಿ ನೀರು ಕಡಿದು ಬೀಳಲು ಸಣ್ಣ ಗೆರೆ ಕೊರೆದಿದ್ದಾರೆಯೇ ಅಂತಲೂ ಆಗಲೇ ನೋಡಿಕೊಳ್ಳಿ.

ತಾರಸಿ ಮತ್ತು ಬಚ್ಚಲ ನೆಲದಲ್ಲಿ ನೀರು ಕಟ್ಟಿ ನಿಲ್ಲಿಸಿ ಒಂದೆರಡು ದಿನ ನೋಡುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ನಿಂತ ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕುವುದನ್ನು ಮಾತ್ರ ಮರೆಯಬೇಡಿ.

ಇವನ್ನು ಮುಚ್ಚಲೇಬೇಡಿ!

ಸಂದಿ ಹುಡುಕುವ ಹುಮ್ಮಸ್ಸಿನಲ್ಲಿ ಕೈಗೆ ಸಿಕ್ಕ ತೂತನ್ನೆಲ್ಲ ಮುಚ್ಚಿಸಿಬಿಡುವವರೂ ಇದ್ದಾರೆ. ಸ್ಲೈಡಿಂಗ್ ಕಿಟಕಿಯ ಹಳಿಯ ಕೆಳಗೆ, ಹೊರಮುಖಕ್ಕೆ ಸಣ್ಣ ಸೀಳಿನಂಥ ತೂತುಗಳಿರುತ್ತವೆ. ಅವು ಹಳಿಯಲ್ಲಿ ನಿಂತ ಮಳೆ ನೀರು ಹೊರಹೋಗುವ ದಾರಿ. ಅಲ್ಲಿಗೆ ಸಿಲಿಕಾನ್ ತುಂಬಿದರೆ ಹಳಿ ತುಂಬಿ ನೀರು ಸೋಫಾ ಕಡೆಗೆ ಹರಿಯುತ್ತದೆ. ಅಲ್ಲಿ ಸಿಮೆಂಟು, ಬಣ್ಣದ ಚೂರು ಸಿಕ್ಕಿಕೊಂಡಿದ್ದರೆ ಹೇರ್‌ಪಿನ್ನಿನಿಂದ ಬಿಡಿಸಿ.

ಬಚ್ಚಲ ಬಾಗಿಲಿನ ಕೆಳಗೆ ಒಂದೆರಡು ಸೆಂಟಿಮೀಟರ್ ಸಂದಿ ಇರಲಿ. ಎಕ್ಸಾಸ್ಟ್ ಹೊರಗೆ ತಳ್ಳುವಷ್ಟೇ ಗಾಳಿ ಒಳಗೂ ಬರಬೇಕು, ಇಲ್ಲದಿದ್ದರೆ ಫ್ಯಾನು ಸದ್ದು ಮಾಡುತ್ತದೆ ಅಷ್ಟೇ, ಗೋಡೆಯ ಬೂಷ್ಟು ಹೋಗುವುದಿಲ್ಲ.

ಇನ್ನು ಗ್ಯಾಸ್ ಗೀಸರ್. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ. ಗೀಸರಿನ ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರಿಗೆ ತಲೆ ಸುತ್ತು ಬಂದು, ಕೂಗುವಷ್ಟರಲ್ಲಿ ಪ್ರಜ್ಞೆ ತಪ್ಪಿ, ಬಾಗಿಲು ಒಡೆಯುವ ಹೊತ್ತಿಗೆ ಜೀವವೇ ಹೋದ ಸುದ್ದಿಗಳನ್ನು ನಮ್ಮ ಊರುಗಳ ಪತ್ರಿಕೆಗಳಲ್ಲೇ ಓದಿದ್ದೀರಿ. ಎಷ್ಟೋ ಸಲ ಚಳಿಗೆಂದು ಬಚ್ಚಲ ವೆಂಟಿಲೇಟರ್ ಮುಚ್ಚಿರುವುದೇ ಮುಳುವಾಗುತ್ತದೆ. ಗ್ಯಾಸ್ ಗೀಸರ್ ಬಚ್ಚಲ ಮನೆಯೊಳಗೆ ಇರಲೇಬಾರದು. ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿಟ್ಟು ಬಿಸಿನೀರಿನ ಪೈಪು ಮಾತ್ರ ಒಳಗೆ ತನ್ನಿ. ಆ ಯುಟಿಲಿಟಿಗೆ ಮಳೆ ಬರುತ್ತದೆಂದು ಆಮೇಲೆ ಗಾಜು ಹಾಕಿ ಪೂರ್ತಿ ಮುಚ್ಚಿಸಬೇಡಿ.

ಅಡುಗೆಮನೆಯೂ ಹಾಗೆಯೇ. ನಮ್ಮ ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ಕೂರುತ್ತದೆ. ಹಾಗಾಗಿ ಗೋಡೆಯ ಕೆಳಭಾಗದಲ್ಲಿ ಜಾಲರಿಯ ಕಿಂಡಿಯೊಂದು ಇದ್ದರೆ ಒಳ್ಳೆಯದು. ಹೊಸ ಮನೆಯಲ್ಲಿ ಒಲೆ ಕೂರಿಸಿದ ಮೇಲೆ ರೆಗ್ಯುಲೇಟರ್, ರಬ್ಬರ್ ಕೊಳವೆ, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ. ಗ್ಯಾಸ್ ಸೋರಿಕೆಯನ್ನು ಊದುಬತ್ತಿ, ಬೆಂಕಿಕಡ್ಡಿಯಿಂದ ಹುಡುಕುವ ಸಾಹಸ ಎಂದೂ ಬೇಡ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಟೇಪ್ ಅಂಟಿಸಿದ್ದಾಯಿತು, ಮುಂದೆ?

ಬಾಯಿಮಾತಿನಲ್ಲಿ ಹೇಳಿದರೆ 'ಮಾಡಿಸ್ಕೊಡೋಣ ಮೇಡಂ' ಎಂಬ ಉತ್ತರ ಸಿಗುತ್ತದೆ, ಕೆಲಸ ಆಗುವುದಿಲ್ಲ. ಪ್ರತಿ ಟೇಪಿನ ಫೋಟೊ ತೆಗೆಯಿರಿ. ಸಂಖ್ಯೆ, ಕೋಣೆ, ಏನು ತೊಂದರೆ ಅಂತ ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ ಕೊಡಿ, ನಕಲಿನ ಮೇಲೆ ಸಹಿ ಪಡೆಯಿರಿ. ಸೈಟಿನಲ್ಲಿ ನೀವೇ ಕಟ್ಟಿಸುತ್ತಿದ್ದರೆ ಕೊನೆಯ ಕಂತಿನಲ್ಲಿ ಒಂದು ಪಾಲನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಹಿಡಿದಿಡುವ ಮಾತನ್ನು ಕೆಲಸ ಶುರುವಾಗುವ ಮುಂಚೆಯೇ ಕರಾರುಪತ್ರದಲ್ಲಿ ಬರೆಸಿ. ಹಣ ಕೈಯಲ್ಲಿದ್ದರೆ ಫೋನಿಗೆ ಉತ್ತರವೂ ಬೇಗ ಸಿಗುತ್ತದೆ. ಬಿಲ್ಡರ್ ಬಳಿ ಫ್ಲ್ಯಾಟ್ ಕೊಂಡವರಿಗೆ 2016ರ ರೇರಾ ಕಾಯ್ದೆ ಆಸರೆಯಾಗಿದೆ. ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ನೀವು ತಿಳಿಸಿದರೆ, 30 ದಿನದೊಳಗೆ ಹೆಚ್ಚುವರಿ ಹಣ ಕೇಳದೆ ಸರಿಪಡಿಸಿಕೊಡುವುದು ಅವರ ಹೊಣೆ. ಆ ಫೋಟೊ, ಆ ಪಟ್ಟಿ ಆಗ ಕೆಲಸಕ್ಕೆ ಬರುತ್ತವೆ. ಪಟ್ಟಿಯನ್ನು ಮನೆಯ ಯಜಮಾನರೇ ಕೊಡಬೇಕೆಂದಿಲ್ಲ. ದಿನವಿಡೀ ಆ ಮನೆಯಲ್ಲಿ ಇರುವವರು ನೀವು, ಕರಾರಿನಲ್ಲಿ ನಿಮ್ಮ ಹೆಸರಿದ್ದರೆ ನೀವೇ ಸಹಿ ಹಾಕಿ ಕೊಡಿ.

ರಿಪೇರಿ ಆದಮೇಲೆ ಅದೇ ಸಂಖ್ಯೆಯ ಜಾಗಗಳಲ್ಲಿ ಮತ್ತೊಮ್ಮೆ ಊದುಬತ್ತಿ ಹಿಡಿದು ನೋಡಿ, ಆಮೇಲೆ ಟೇಪ್ ಕೀಳಿ. ಮರದ ಬಾಗಿಲು ಕಿಟಕಿಗಳಿದ್ದರೆ ಮೊದಲ ಬೇಸಿಗೆ ಕಳೆಯುವಾಗ, ಏಪ್ರಿಲ್ ಕೊನೆಯ ಹೊತ್ತಿಗೆ, ಇನ್ನೊಂದು ಸುತ್ತು ಹಾಕಿ. ಮರ ಎಷ್ಟು ಕುಗ್ಗಬೇಕೋ ಅಷ್ಟು ಆಗಲೇ ಕುಗ್ಗಿರುತ್ತದೆ. ಜುಲೈ ತಿಂಗಳಲ್ಲಿ ಬಾಗಿಲು ಹಿಡಿದುಕೊಳ್ಳುತ್ತದೆ, ಮುಚ್ಚಲು ಆಗುವುದಿಲ್ಲ ಅಂತ ಬಡಗಿಯನ್ನು ಕರೆಸಿ ಅಂಚು ಹೆರೆಸಲು ಹೋಗಬೇಡಿ. ಅಂಚಿಗೆ ಒಂದಿಷ್ಟು ಮೇಣ ಉಜ್ಜಿ ಮಳೆ ನಿಲ್ಲುವವರೆಗೆ ತಡೆದುಕೊಳ್ಳಿ. ಮಳೆಗಾಲದಲ್ಲಿ ಹೆರೆದ ಬಾಗಿಲು ಮಾರ್ಚ್ ಬರುವಷ್ಟರಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟಿರುತ್ತದೆ.